ಕ್ಷಣದ ಗತಿಯನ್ನು ಲೆಕ್ಕಹಾಕಿದ ಭಾಸ್ಕರಾಚಾರ್ಯರು

ಕ್ರಿ.ಶ. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರ ಊರು ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರು ಹೇಳಿದರೆ, ಮಹಾರಾಷ್ಟ್ರದ ಪಾಟಣದ ಆಸುಪಾಸಿನಲ್ಲಿತ್ತೆಂದು ಇತರರು ವಾದಿಸುತ್ತಾರೆ. ಗಡಿಯ ಎರಡೂ ಕಡೆಯವರು ತಮ್ಮವರೆನ್ನುವ ಈ ಗಣಿತಜ್ಞರನ್ನು ಗಡಿನಾಡಿನ ನಮ್ಮ ಮಕ್ಕಳು ಲೀಲಾವತಿಯ ಹೆಸರಿನಿಂದ ಬಲ್ಲರು. ಚಲನೆಯನ್ನು ಕುರಿತ ಅವರ ಚಿಂತನೆಯನ್ನು ಅಷ್ಟಾಗಿ ಅರಿಯರು.

ತಂದೆ ಮಹೇಶ್ವರರೇ ಅವರಿಗೆ ಗುರು. ತಮ್ಮ 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಅವರು ಸಿದ್ಧಾಂತ ಶಿರೋಮಣಿಯನ್ನು ರಚಿಸಿದರು. ಸೂರ್ಯನು ಆಕಾಶದಲ್ಲಿ ದಿನಕ್ಕೆ ಸರಾಸರಿ 59 ಕಲೆ 8 ವಿಕಲೆಗಳಷ್ಟು ಸರಿಯುತ್ತಾನೆ. 60 ಕಲೆಗಳೆಂದರೆ ಒಂದು ಅಂಶ. ಇದು ಮಧ್ಯಮ ಗತಿ. ಆದರೆ ವರ್ಷದ ಒಂದು ಕಾಲದಲ್ಲಿ ದಿನದ ನಡೆ ಸುಮಾರು 57 ಕಲೆಗೆ ಇಳಿದು, ಇನ್ನೊಂದು ಕಾಲದಲ್ಲಿ 61ಕ್ಕೆ ಏರುತ್ತದೆ. ನಿಜವಾದ ಈ ನಡೆಯೇ ಸ್ಫುಟ ಗತಿ. ಚಂದ್ರನು ಇನ್ನೂ ಬೇಗನೆ ಸರಿಯುವುದರಿಂದ, ತಿಥಿ ಮುಗಿಯುವ ಹೊತ್ತನ್ನು ತಿಳಿಯಲು ಇಡೀ ದಿನದ ಲೆಕ್ಕ ಸಾಲದೆಂದು ಆಚಾರ್ಯರು ಕಂಡರು. ಅದಕ್ಕಾಗಿ ಅವರು ಆಯಾ ಕ್ಷಣದ ಗತಿಯನ್ನು, ಎಂದರೆ ತಾತ್ಕಾಲಿಕ ಗತಿಯನ್ನು, ಗಣಿಸುವ ಕ್ರಮವನ್ನು ವಿವರಿಸಿದರು.

ಇದರ ಮಹತ್ವವನ್ನು ವಯನಾಡಿನ ಚೇಕಾಡಿಯಲ್ಲಿ ನಿಂತು ನೋಡೋಣ. ಕಬಿನಿಯ ದಡದಲ್ಲಿ ಕಾಡು ಸುತ್ತುವರಿದ ಗದ್ದೆಗಳ ಊರದು. ಗದ್ದೆಯ ಬದಿಯ ನೇರ ದಾರಿಯಲ್ಲಿ ಎರಡು ಜೀಪುಗಳು ಹೋಗುತ್ತಿವೆ ಎಂದುಕೊಳ್ಳೋಣ. ಮೊದಲನೆಯದು ಪ್ರತಿ ಸೆಕೆಂಡಿಗೂ 7 ಮೀಟರಿನಂತೆ ಒಂದೇ ಸಮನೆ ಸಾಗುತ್ತದೆ. ಇದು ಏಕರೂಪ ವೇಗ. ಎರಡನೆಯದು ಮೊದಲ ಸೆಕೆಂಡಿನಲ್ಲಿ 5, ಮುಂದಿನದರಲ್ಲಿ 7, ಮೂರನೆಯದರಲ್ಲಿ 9 ಮೀಟರು ಹೋಗುತ್ತದೆ; ಇಲ್ಲಿ ವೇಗೋತ್ಕರ್ಷವಿದೆ. ಮೂರು ಸೆಕೆಂಡುಗಳಲ್ಲಿ ಎರಡೂ ಕ್ರಮಿಸಿದ್ದು 21 ಮೀಟರು, ಎರಡರ ಸರಾಸರಿಯೂ 7. ಸರಾಸರಿಯು ಮುಚ್ಚಿಟ್ಟ ಭೇದವನ್ನು ಕ್ಷಣದ ಗತಿ ತೋರಿಸಿಕೊಡುತ್ತದೆ. ವೇಗಕ್ಕೆ ದಿಕ್ಕೂ ಸೇರಿರುವುದರಿಂದ, ಕಾಡಿನ ತಿರುವಿನಲ್ಲಿ ಮುಳ್ಳು ಕದಲದೆ ಸಾಗುವ ಜೀಪಿಗೂ ವೇಗೋತ್ಕರ್ಷವಿರುತ್ತದೆ.

ಬೀಳುವ ವಸ್ತುಗಳ ವೇಗ ಹೆಚ್ಚುವ ನಿಯಮವನ್ನು ಗೆಲಿಲಿಯೋ ಪ್ರಕಟಿಸಿದ್ದು 1638ರಲ್ಲಿ. ಅದಕ್ಕೆ ಸುಮಾರು ಐದು ಶತಮಾನ ಮೊದಲೇ ನಮ್ಮ ಆಚಾರ್ಯರು ಬದಲಾಗುವ ನಡೆಯನ್ನು ಕ್ಷಣಕ್ಷಣಕ್ಕೆ ಹಿಡಿಯಲೆತ್ನಿಸಿದ್ದರು. ಗ್ರಹದ ಮಧ್ಯಮ ಮತ್ತು ಸ್ಫುಟ ಸ್ಥಾನಗಳ ಅಂತರ ಅತ್ಯಧಿಕವಾದಾಗ ಎರಡು ಗತಿಗಳೂ ಸಮನಾಗುತ್ತವೆ ಎಂಬುದನ್ನೂ ಅವರು ಗುರುತಿಸಿದ್ದರು.

1183ರಲ್ಲಿ, 69ರ ಮುಪ್ಪಿನಲ್ಲಿ, ಅವರು ಕರಣ ಕುತೂಹಲವನ್ನು ಬರೆದರು. ಅವರ ಗ್ರಂಥಗಳ ಅಧ್ಯಯನಕ್ಕಾಗಿ ಮೊಮ್ಮಗ ಚಾಂಗದೇವರು ಮಠವೊಂದನ್ನು ಸ್ಥಾಪಿಸಿದ ಸಂಗತಿ ಪಾಟಣದ ಶಾಸನದಲ್ಲಿದೆ.

ಪ್ರೌಢಶಾಲೆಗೆ ಬಂದೊಡನೆ, ವಿಜ್ಞಾನ ಕನ್ನಡದಲ್ಲಿ ಕಠಿಣವೆಂದು ಮಕ್ಕಳ ಮಾಧ್ಯಮವನ್ನೇ ಬದಲಿಸುವ ಹೆತ್ತವರನ್ನು ನಾವು ಕಾಣುತ್ತಿದ್ದೇವೆ. ಆದರೆ ಗತಿ, ಮಧ್ಯಮ, ಸ್ಫುಟ ಎಂಬ ಪದಗಳು ನಮ್ಮ ಮನೆಯ ಪಂಚಾಂಗದಲ್ಲಿ ಇಂದಿಗೂ ಇವೆ. ಕಠಿಣವಾದುದು ಪದವಲ್ಲ, ಅರ್ಥ ಬಿಡಿಸದೆ ಬಾಯಿಪಾಠ ಮಾಡಿಸುವ ರೂಢಿ. ಮಾಧ್ಯಮ ಬದಲಿಸುವ ಮುನ್ನ ಹೆತ್ತವರು ಒಂದು ಸಂಜೆ ಪಂಚಾಂಗವನ್ನು ತೆರೆದು, ಎರಡು ದಿನಗಳ ಚಂದ್ರಸ್ಫುಟದ ವ್ಯತ್ಯಾಸವನ್ನು ಮಕ್ಕಳಿಂದ ಕಳೆಯಿಸಿ ನೋಡಲಿ; ಮರುದಿನದ ವ್ಯತ್ಯಾಸದೊಡನೆ ಹೋಲಿಸಲಿ. ಎರಡೂ ಸಮವಾಗಿರದಿದ್ದರೆ ಏಕೆಂದು ಮಗು ಕೇಳುತ್ತದೆ. ಭೌತಶಾಸ್ತ್ರದ ಪಾಠ ಅಲ್ಲಿಂದಲೇ ಆರಂಭವಾಗಬೇಕೆಂಬುದು ನಮ್ಮ ಕೋರಿಕೆ.