ಪದವಿಯಿಲ್ಲದ ಕಲಾ ಇತಿಹಾಸಕಾರ

ಕಲಾ ಇತಿಹಾಸದ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರುವ ನಮ್ಮ ವಿದ್ಯಾರ್ಥಿಗೆ ಆನಂದ ಕುಮಾರಸ್ವಾಮಿ ಅವರ ಹೆಸರು ಅಪರಿಚಿತವಾಗಿ ಉಳಿಯಲಾರದು. ಭಾರತೀಯ ಕಲೆಯ ಅಧ್ಯಯನಕ್ಕೆ ಭದ್ರ ತಳಹದಿ ಹಾಕಿದ ಈ ವಿದ್ವಾಂಸರು ಆ ವಿಷಯವನ್ನು ಯಾವ ವಿಶ್ವವಿದ್ಯಾಲಯದಲ್ಲೂ ಓದಿದವರಲ್ಲ ಎಂಬುದು ಸೋಜಿಗದ ಸಂಗತಿ. ಅವರು ಡಾಕ್ಟರೇಟ್ ಪಡೆದದ್ದು ಭೂವಿಜ್ಞಾನಿಯಾಗಿ.

ಅವರು ಜನಿಸಿದ್ದು 1877ರ ಆಗಸ್ಟ್ 22ರಂದು, ಕೊಲಂಬೊದಲ್ಲಿ. ತಂದೆ ತಮಿಳರಾದ ಸರ್ ಮುತ್ತು ಕುಮಾರಸ್ವಾಮಿ. ತಾಯಿ ಇಂಗ್ಲೆಂಡಿನ ಎಲಿಜಬೆತ್. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗು ತಾಯ್ನಾಡಿನಿಂದ ದೂರ, ಇಂಗ್ಲೆಂಡಿನಲ್ಲಿ ಬೆಳೆಯಿತು. ಲಂಡನ್ನಿನಲ್ಲಿ ಭೂವಿಜ್ಞಾನ, ಸಸ್ಯಶಾಸ್ತ್ರಗಳನ್ನು ಓದಿ ಸಿಲೋನಿಗೆ ಮರಳಿದ ಅವರು ಅಲ್ಲಿನ ಖನಿಜ ಸಮೀಕ್ಷೆಯ ನಿರ್ದೇಶಕರಾದರು. ಥೋರಿಯನೈಟ್ ಎಂಬ ಖನಿಜವನ್ನು ಗುರುತಿಸಿದ ಕೀರ್ತಿ ಅವರದು.

ಖನಿಜಗಳನ್ನರಸಿ ಹಳ್ಳಿಗಳನ್ನು ಸುತ್ತುವಾಗ ಅವರ ಕಣ್ಣಿಗೆ ಬಿದ್ದದ್ದು ಅವಸಾನದತ್ತ ಸಾಗಿದ್ದ ಕರಕುಶಲ ಪರಂಪರೆ. 1908ರಲ್ಲಿ ಪ್ರಕಟವಾದ, ಮಧ್ಯಯುಗದ ಸಿಂಹಳ ಕಲೆಯನ್ನು ಕುರಿತ ಗ್ರಂಥ ಆ ತಿರುಗಾಟದ ಫಲ. ವಸ್ತುವನ್ನು ಕಣ್ಣಾರೆ ಕಂಡು, ವಿಂಗಡಿಸಿ, ಹೋಲಿಸಿ, ಆಮೇಲಷ್ಟೇ ತೀರ್ಮಾನಕ್ಕೆ ಬರುವ ವಿಜ್ಞಾನದ ಶಿಸ್ತನ್ನು ಅವರು ಕಲೆಯ ಅಧ್ಯಯನಕ್ಕೂ ತಂದರು.

ಮುಂದೆ ಭಾರತದಲ್ಲಿ ಸಂಚರಿಸಿ ಅಪಾರ ಚಿತ್ರಗಳನ್ನು ಸಂಗ್ರಹಿಸಿದರು. ಮೊಘಲ್ ಚಿತ್ರಗಳೊಡನೆ ಬೆರೆತುಹೋಗಿದ್ದ ರಜಪೂತ ಚಿತ್ರಕಲೆಗೆ 1916ರ ಗ್ರಂಥದ ಮೂಲಕ ಸ್ವತಂತ್ರ ಸ್ಥಾನ ದೊರಕಿಸಿಕೊಟ್ಟರು. ಭಗಿನಿ ನಿವೇದಿತಾ ಆರಂಭಿಸಿ ಅವರು ಪೂರ್ಣಗೊಳಿಸಿದ ಪುರಾಣಕಥೆಗಳ ಸಂಪುಟಕ್ಕೆ ಚಿತ್ರ ರಚಿಸಿದವರಲ್ಲಿ ನಮ್ಮ ಕೆ. ವೆಂಕಟಪ್ಪನವರೂ ಇದ್ದರು. ಬುದ್ಧನ ವಿಗ್ರಹ ಗಾಂಧಾರದಲ್ಲಿ ಗ್ರೀಕರ ಪ್ರಭಾವದಿಂದ ಮೂಡಿತೆಂಬ ಯುರೋಪಿನ ವಾದವನ್ನು 1927ರಲ್ಲಿ ಅವರು ಪ್ರಶ್ನಿಸಿದರು. ಮಥುರೆಯ ಬುದ್ಧನ ಹಿಂದೆ ಇಲ್ಲಿನದೇ ಯಕ್ಷಮೂರ್ತಿಗಳಿವೆ ಎಂದು ತೋರಿಸಿದರು. ಅವರ ತೀರ್ಮಾನವನ್ನು ಪೂರ್ತಿ ಒಪ್ಪದವರೂ ಮಥುರೆಯನ್ನು ಬದಿಗಿಟ್ಟು ಈ ಚರ್ಚೆಗೆ ಇಳಿಯುವಂತಿಲ್ಲ.

ಆದರೆ ಈ ಬಾಳಿನಲ್ಲಿ ನಮ್ಮ ಪಾಲಿಗೆ ನಷ್ಟದ ಅಧ್ಯಾಯವೊಂದಿದೆ. ಕಾಶಿಯಲ್ಲಿ ರಾಷ್ಟ್ರೀಯ ಸಂಗ್ರಹಾಲಯ ಸ್ಥಾಪನೆಯಾದರೆ ತಮ್ಮ ಸಂಗ್ರಹವನ್ನು ಅದಕ್ಕೆ ಒಪ್ಪಿಸುವ ಆಸೆ ಅವರಿಗಿತ್ತು. ಅದಕ್ಕೆ ಬೇಕಾದ ಬೆಂಬಲ ಇಲ್ಲಿ ದೊರೆಯಲಿಲ್ಲ. 1917ರಲ್ಲಿ ಆ ಸಂಗ್ರಹ ಅಮೆರಿಕದ ಬಾಸ್ಟನ್ ಲಲಿತಕಲಾ ಸಂಗ್ರಹಾಲಯದ ಪಾಲಾಯಿತು; ಅದರ ಪಾಲಕರಾಗಿ ಅವರೂ ಅಲ್ಲಿಗೆ ಹೋದರು. ಮೂವತ್ತು ವರ್ಷ ಅಲ್ಲಿಯೇ ದುಡಿದರು. ಭಾರತಕ್ಕೆ ಮರಳಿ ಉಳಿದ ದಿನಗಳನ್ನು ಕಳೆಯಬೇಕೆಂದಿದ್ದ ಅವರು, ದೇಶ ಸ್ವತಂತ್ರವಾದ ಮರುತಿಂಗಳು, 1947ರ ಸೆಪ್ಟೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು.

ಕಲೆಯ ಉನ್ನತ ವ್ಯಾಸಂಗಕ್ಕೆ ಪಠ್ಯಕ್ರಮ, ಪದವಿಗಳು ಬೇಕು, ನಿಜ. ಅದಕ್ಕಿಂತ ಮೊದಲು ಬೇಕಾದದ್ದು ವಿದ್ಯಾರ್ಥಿಯ ಕಣ್ಣಳತೆಯಲ್ಲಿ ಮೂಲ ಕೃತಿ. ಕುಮಾರಸ್ವಾಮಿ ಅದನ್ನು ನಮಗಾಗಿ ಕೂಡಿಸಿದ್ದರು. ಇರಿಸಿಕೊಳ್ಳಲು ನಾವು ಒಂದು ಮನೆ ಕಟ್ಟಲಿಲ್ಲ. ಅವರು ಆರಿಸಿದ ರಜಪೂತ ಚಿತ್ರಗಳನ್ನು ಮೂಲದಲ್ಲೇ ನೋಡಬಯಸುವ ನಮ್ಮ ವಿದ್ಯಾರ್ಥಿ ಇಂದಿಗೂ ಬಾಸ್ಟನ್ನಿಗೇ ಹೋಗಬೇಕು.