ಇಂದಿನ ಧಮ್ಮ ಚಿಂತನೆ: ತಿಪ್ಪೆಯಲ್ಲಿ ಸಿಕ್ಕ ಮಗು, ಅರಸನ ನಾಚಿಕೆ ಕಳೆದ ವೈದ್ಯ

ಉಪಾಸಕ ಉಪಾಸಿಕೆಯರೇ, ಈ ದಿನ ವೈದ್ಯ ಜೀವಕನ ಬದುಕನ್ನು ನೆನೆಯೋಣ. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಜೀವಕನ ಧಮ್ಮದೀಕ್ಷೆಗೆ ಪ್ರತ್ಯೇಕ ಭಾಗವನ್ನೇ ಕೊಟ್ಟಿದ್ದಾರೆ. ವಿನಯ ಪಿಟಕದ ಮಹಾವಗ್ಗದಲ್ಲಿ ಅವನ ಕಥೆ ವಿಸ್ತಾರವಾಗಿದೆ. ಅದರಲ್ಲಿ ನಾವು ಮನೆಯವರ ಮುಂದೆಯೂ ಹೇಳಲು ಹಿಂಜರಿಯುವ ಒಂದು ಜಾಗದ ಕಾಯಿಲೆ ಬರುತ್ತದೆ. ಅದಕ್ಕಾಗಿಯೇ ಇವತ್ತು ಬರೆಯುತ್ತಿದ್ದೇನೆ.

*ತಿಪ್ಪೆಯಿಂದ ತಕ್ಷಶಿಲೆಗೆ*

ರಾಜಗೃಹದ ಗಣಿಕೆ ಸಾಲವತಿಗೆ ಗಂಡು ಮಗು ಹುಟ್ಟಿತು. ದಾಸಿಯ ಕೈಯಲ್ಲಿ ಅದನ್ನು ಹಳೆಯ ಮೊರದಲ್ಲಿ ಇಡಿಸಿ ತಿಪ್ಪೆಗೆ ಹಾಕಿಸಿದಳು. ಕಾಗೆಗಳು ಮುತ್ತಿದ್ದನ್ನು ಕಂಡ ರಾಜಕುಮಾರ ಅಭಯ ವಿಚಾರಿಸಿದ. ಮಗುವಿಗೆ ಇನ್ನೂ ಜೀವವಿದೆ ಎಂದು ತಿಳಿದು ಅರಮನೆಗೆ ತರಿಸಿ ಸಾಕಿಸಿದ. ಜೀವವಿದ್ದುದರಿಂದ ಜೀವಕನೆಂದೇ ಹೆಸರಾಯಿತು. ಶಾಲೆಯ ದಾಖಲಾತಿಯಲ್ಲಿ ಅಪ್ಪನ ಹೆಸರು ಕೇಳಿದಾಗ ತಲೆ ತಗ್ಗಿಸುವ ಮಗುವನ್ನು ಕಂಡರೆ ನನಗೆ ಈ ಜೀವಕ ನೆನಪಾಗುತ್ತಾನೆ.

ಬೆಳೆದ ಮೇಲೆ ತನ್ನ ಹೊಟ್ಟೆಗೆ ತಾನೇ ವಿದ್ಯೆ ಕಲಿಯಬೇಕೆಂದು ತಕ್ಷಶಿಲೆಗೆ ಹೋಗಿ ಏಳು ವರ್ಷ ವೈದ್ಯ ಕಲಿತ. ಕೊನೆಗೆ ಗುರುಗಳು ಅವನ ಕೈಗೆ ಸನಿಕೆ ಕೊಟ್ಟು, ಊರ ಸುತ್ತ ಒಂದು ಯೋಜನ ತಿರುಗಿ ಔಷಧಕ್ಕೆ ಬಾರದ ಗಿಡ ತರಲು ಕಳಿಸಿದರು. ಜೀವಕ ಬರಿಗೈಯಲ್ಲಿ ಬಂದ. ಅಂಥ ಗಿಡ ಒಂದೂ ಸಿಕ್ಕಿರಲಿಲ್ಲ. ಗುರುಗಳು ಅವನ ಓದು ಮುಗಿಯಿತೆಂದರು.

*ಅರಸನ ಕಾಯಿಲೆ*

ಮಗಧದ ರಾಜ ಬಿಂಬಿಸಾರನಿಗೆ ಭಗಂದರವಾಗಿತ್ತು. ಗುದದ ಪಕ್ಕದಲ್ಲಿ ಹುಣ್ಣಾಗಿ ಒಳಗೆ ದಾರಿ ಮಾಡಿಕೊಳ್ಳುವ ರೋಗವದು. ಬಟ್ಟೆಗೆ ರಕ್ತ ಹತ್ತುತ್ತಿತ್ತು. ಅರಸ ಮುಟ್ಟಾಗಿದ್ದಾನೆ, ಇನ್ನೇನು ಹೆರುತ್ತಾನೆ ಎಂದು ರಾಣಿಯರು ಗೇಲಿ ಮಾಡುತ್ತಿದ್ದರು. ಸೈನ್ಯವಿದ್ದ ದೊರೆಯೂ ನಾಚಿಕೆಯ ಮುಂದೆ ಸೋತುಹೋಗಿದ್ದ. ಕಡೆಗೆ ಮಗ ಅಭಯನಿಗೆ ಹೇಳಿಕೊಂಡ. ಹೇಳಿಕೊಂಡ ಮೇಲೆಯೇ ದಾರಿ ತೆರೆಯಿತು.

ಜೀವಕ ಉಗುರಿನಲ್ಲಿ ಔಷಧ ಇಟ್ಟುಕೊಂಡು ಹೋಗಿ, ನೋಡಿ, ಒಂದೇ ಸಲ ಲೇಪಿಸಿ ಗುಣ ಮಾಡಿದನೆಂದು ಮಹಾವಗ್ಗ ಹೇಳುತ್ತದೆ. ಒಂದೇ ಲೇಪಕ್ಕೆ ವಾಸಿಯಾಯಿತೆಂಬುದನ್ನು ನಾವು ಅಕ್ಷರಶಃ ನಂಬಬೇಕಿಲ್ಲ. ಭಗಂದರ ಸಾಮಾನ್ಯವಾಗಿ ಬರೀ ಮುಲಾಮಿಗೆ ಬಗ್ಗುವುದಿಲ್ಲ. ಕತ್ತಿ ಹಿಡಿಯುವುದೂ ಜೀವಕನಿಗೆ ಗೊತ್ತಿತ್ತು. ಅದೇ ಗ್ರಂಥದ ಪ್ರಕಾರ ರಾಜಗೃಹದ ಶ್ರೇಷ್ಠಿಯ ತಲೆಯನ್ನೂ ವಾರಾಣಸಿಯ ಶ್ರೇಷ್ಠಿಪುತ್ರನ ಹೊಟ್ಟೆಯನ್ನೂ ತೆರೆದು ಚಿಕಿತ್ಸೆ ಮಾಡಿದವನು ಅವನೇ. ಬೇಕಾದಲ್ಲಿ ಕೊಯ್ದ, ಬೇಡವಾದಲ್ಲಿ ಬಿಟ್ಟ. ಬಿಂಬಿಸಾರ ಅಂತಃಪುರದ ಆಭರಣಗಳನ್ನೇ ಕೊಡಲು ಬಂದಾಗ ತನ್ನ ಸೇವೆಯನ್ನು ನೆನಪಿಟ್ಟರೆ ಸಾಕೆಂದ. ಅಂದಿನಿಂದ ಅವನು ಅರಸನಿಗೂ ಬುದ್ಧಪ್ರಮುಖ ಭಿಕ್ಖು ಸಂಘಕ್ಕೂ ವೈದ್ಯನಾದ.

*ಭಗವಾನರ ಕರುಣೆ*

ಅದೇ ರಾಜಗೃಹದಲ್ಲಿ ಆಕಾಸಗೋತ್ತ ಎಂಬ ವೈದ್ಯ ಒಬ್ಬ ಭಿಕ್ಖುವಿನ ಭಗಂದರ ಕೊಯ್ದ. ಬುದ್ಧರು ಬಂದಾಗ ರೋಗಿಯ ಗಾಯ ತೋರಿಸಿ ಹಾಸ್ಯ ಮಾಡಿದ. ಬುದ್ಧರು ಮಾತಾಡದೆ ಹಿಂತಿರುಗಿ, ಸಂಘವನ್ನು ಸೇರಿಸಿ, ಆ ಜಾಗದಲ್ಲಿ ಶಸ್ತ್ರ ಹಾಕಿಸಬಾರದೆಂದರು. ಅಲ್ಲಿ ಚರ್ಮ ಸೂಕ್ಷ್ಮ, ಗಾಯ ಮಾಯುವುದು ಕಷ್ಟ, ಕತ್ತಿ ಆಡಿಸುವುದೂ ಕಷ್ಟ ಎಂಬುದು ಅವರು ಕೊಟ್ಟ ಕಾರಣ. ಅರಿವಳಿಕೆ ಇಲ್ಲದ ಕಾಲದ ಮಾತಿದು. ಇಂದು ಅಗತ್ಯವಿರುವ ಆಪರೇಷನ್ ಬೇಡವೆನ್ನಲು ಇದನ್ನು ಬಳಸಬಾರದು. ಕಾರಣ ಬದಲಾದಾಗ ತೀರ್ಮಾನವೂ ಬದಲಾಗಬೇಕೆಂಬುದು ಧಮ್ಮದ ದಾರಿ.

*ನಮ್ಮ ಊರಿಗೆ ಬಂದರೆ*

ತ್ಯಾವಣಿಗೆ ಸುತ್ತ ನಮ್ಮ ಹೆಣ್ಣುಮಕ್ಕಳು ಭದ್ರಾ ನಾಲೆಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುತ್ತಾರೆ. ಸುಗ್ಗಿಯಲ್ಲಿ ಕೂತಲ್ಲೇ ಅಡಿಕೆ ಸುಲಿಯುತ್ತಾರೆ. ಬಯಲಲ್ಲಿ ಮರೆಯಿಲ್ಲವೆಂದು ನೀರು ಕಡಿಮೆ ಕುಡಿಯುತ್ತಾರೆ, ಬಂದದ್ದನ್ನು ತಡೆಯುತ್ತಾರೆ. ಮಲ ಗಟ್ಟಿಯಾಗಿ ಮುಕ್ಕಿದಾಗ ಗುದದ ರಕ್ತನಾಳಗಳು ಊದುತ್ತವೆ. ಇದೇ ಮೂಲವ್ಯಾಧಿ. ಬಸುರಿಯರಲ್ಲೂ ಹೆಚ್ಚು. ಸೆರಗಿನ ಮರೆಯಲ್ಲಿ ರಕ್ತ ಹೋಗುತ್ತಲೇ ಇದ್ದರೆ ರಕ್ತಹೀನತೆ ಬರುತ್ತದೆ.

ಮೂಲವ್ಯಾಧಿಯಲ್ಲಿ ನಾಲ್ಕು ಹಂತಗಳಿವೆ. ಆರಂಭದಲ್ಲಿ ಸೊಪ್ಪು, ಕಾಳು, ಹಣ್ಣು, ಸಾಕಷ್ಟು ನೀರು, 10–15 ನಿಮಿಷ ಬೆಚ್ಚನೆಯ ನೀರಿನಲ್ಲಿ ಕೂರುವುದು ಬಹಳ ಮಂದಿಗೆ ಸಾಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ವೈದ್ಯರು ಊದಿದ ನಾಳದ ಬುಡಕ್ಕೆ ಸಣ್ಣ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ರಕ್ತ ಸಂಚಾರ ನಿಂತು ಅದು ಒಂದೆರಡು ವಾರದೊಳಗೆ ಒಣಗಿ ಉದುರುತ್ತದೆ. ಒಳಭಾಗದಲ್ಲಿ ನೋವಿನ ಅರಿವು ಕಡಿಮೆ ಇರುವುದರಿಂದ ಸಾಮಾನ್ಯವಾಗಿ ಅರಿವಳಿಕೆ ಬೇಡ, ಅದೇ ದಿನ ಮನೆಗೆ ಬರಬಹುದು. ನಾಳ ಕುಗ್ಗಿಸುವ ಇಂಜೆಕ್ಷನ್, ಲೇಸರ್, ಸ್ಟೇಪ್ಲರ್ ವಿಧಾನಗಳೂ ಇವೆ. ಪೂರ್ತಿ ಹೊರಬಂದು ಒಳಹೋಗದ ನಾಲ್ಕನೇ ಹಂತಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಬೇಕು. ಭಗಂದರ ಬೇರೆ ರೋಗ. ಅದಕ್ಕೆ ಆಪರೇಷನ್ ಜೊತೆಗೆ ಆಯುರ್ವೇದದ ಕ್ಷಾರಸೂತ್ರವೂ ಇದೆ.

ಯಾವುದು ಯಾರಿಗೆ ಎಂಬುದನ್ನು ವೈದ್ಯರು ಕಣ್ಣಾರೆ ನೋಡಿಯೇ ಹೇಳಬೇಕು. ಗೋಡೆ ಬರಹ ನಂಬಿ, ಓದಿಲ್ಲದವರ ಹತ್ತಿರ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಮಲದಲ್ಲಿ ಬರುವ ರಕ್ತವೆಲ್ಲ ಮೂಲವ್ಯಾಧಿಯದಲ್ಲ, ಕರುಳಿನ ಕ್ಯಾನ್ಸರ್‌ನಲ್ಲೂ ಬರುತ್ತದೆ. ರಕ್ತ ಕಂಡರೆ, ತೂಕ ಇಳಿದರೆ, ಮಲದ ರೀತಿ ಬದಲಾದರೆ, ಅದರಲ್ಲೂ 45 ದಾಟಿದವರು, ತಡಮಾಡದೆ ಚನ್ನಗಿರಿ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಹೋಗಿ.

ಜೀವಕ ಕೊನೆಗೆ ತನ್ನ ಮಾವಿನ ತೋಪನ್ನೇ ಸಂಘಕ್ಕೆ ದಾನ ಕೊಟ್ಟ. ವೈಶಾಲಿಯಲ್ಲಿ ಭಿಕ್ಖುಗಳು ಪುಷ್ಕಳ ಊಟ ಉಂಡು ರೋಗಕ್ಕೆ ಬಿದ್ದಾಗ, ಅವರಿಗೆ ನಡೆದಾಡುವ ದಾರಿಯನ್ನೂ ಬಿಸಿ ಸ್ನಾನದ ಮನೆಯನ್ನೂ ಅನುಮತಿಸಬೇಕೆಂದು ಬುದ್ಧರನ್ನು ಕೇಳಿದ. ಬುದ್ಧರು ಒಪ್ಪಿದರು. ಸಂಘದ ಚಂಕಮಣದಲ್ಲಿ ವೈದ್ಯನೊಬ್ಬನ ಕಾಳಜಿಯೂ ಇದೆ.

*ಇಂದಿನ ಅಭ್ಯಾಸ:* ಸಂಜೆ ಅರ್ಧ ಗಂಟೆ ನಡೆಯಿರಿ. ಮನೆಯಲ್ಲಿ ತಾಯಿ, ಹೆಂಡತಿ, ಅಕ್ಕ, ಅತ್ತೆ ಯಾರಾದರೂ ಈ ತೊಂದರೆ ಬಚ್ಚಿಟ್ಟುಕೊಂಡಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿ. ಅವರು ಹೇಳಿದರೆ ನಗಬೇಡಿ, ಜೊತೆಗೆ ಆಸ್ಪತ್ರೆಗೆ ಹೋಗಿ.

ನಮೋ ಬುದ್ಧಾಯ. ಜೈ ಭೀಮ್. 🙏