ರಹೀಮ್ ಮೇಷ್ಟ್ರು

ಜೀವನ್ ಬಿಮಾ ನಗರದಲ್ಲಿ ಸಂಜೆ ಫುಟ್‌ಬಾಲ್ ಆಡೋ ನಮಗೆ ಈ ಮೇಷ್ಟ್ರ ಕಥೆ ಗೊತ್ತಿರಬೇಕು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಹುಟ್ಟಿದ್ದು 1909ರಲ್ಲಿ. ಶಾಲೆಯಲ್ಲಿ ಪಾಠ ಮಾಡ್ತಿದ್ದವರು ಭಾರತ ತಂಡದ ಕೋಚ್ ಆದರು. 1951ರಲ್ಲಿ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮಾತ್ರ ಯುಗೊಸ್ಲಾವಿಯಾ ನಮಗೆ 10 ಗೋಲು ಹೊಡೀತು. ನಮ್ಮ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ನಮ್ಮವರು ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆಮೇಲೆ ಬೂಟು ಕಡ್ಡಾಯವಾಯ್ತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ! (ಇವತ್ತು ಹೇಳಿದ್ರೆ ಹಾಸ್ಟೆಲ್‌ನಲ್ಲಿ ಯಾರೂ ನಂಬಲ್ಲ.)

1962ರ ಜಕಾರ್ತಾ ಹೊತ್ತಿಗೆ ಮೇಷ್ಟ್ರಿಗೆ ಕ್ಯಾನ್ಸರ್. ಫೈನಲ್‌ನಲ್ಲಿ ಎದುರಿಗೆ ದಕ್ಷಿಣ ಕೊರಿಯಾ. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನ ಮುಂದೆ, ಫಾರ್ವರ್ಡ್ ಆಗಿ ಆಡಿಸಿದರು. ಅವರೂ ಗೋಲು ಹೊಡೆದರು. 2-1. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ನಮಗೆ ಸಿಕ್ಕಿದ್ದು ಅದೇ ಕೊನೆ. ಒಂಬತ್ತೇ ತಿಂಗಳಿಗೆ, 1963ರ ಜೂನ್‌ನಲ್ಲಿ, ರಹೀಮ್ ತೀರಿಕೊಂಡರು.